ತಿರುಗಿ ನೋಡದವಳು

ಹೋದ ವಾರ ಸಾಂಟಾ ಕ್ಲಾರಾದ ಇಂಡಿಯನ್ ಗ್ರೋಸರಿಯಲ್ಲಿ ಯಾರದೋ ಕೈ ತಪ್ಪಿ ವಿನೆಗರ್ ಬಾಟಲಿ ಒಡೆಯಿತು. ನಾನು ಪಕ್ಕದ ಸಾಲಿನಲ್ಲಿ ದಪ್ಪ ಅವಲಕ್ಕಿ ಹುಡುಕುತ್ತಿದ್ದೆ. ಅಂಗಡಿಯ ಹುಡುಗಿ ನೆಲ ಒರೆಸಲು ಬರುವಷ್ಟರಲ್ಲಿ ಆ ಹುಳಿ ಘಾಟು ನನ್ನ ಮೂಗಿಗೆ ಬಡಿದಿತ್ತು. ತೊಗರಿಬೇಳೆ ಚೀಲಗಳ ಮೇಲೆ ಕೈಯೂರಿ ನಿಂತುಬಿಟ್ಟೆ. ಕಣ್ಣಿಗೆ ಬಂದದ್ದು ಗಿಲ್‌ರಾಯ್‌ನ ನಮ್ಮ ಗರಾಜು, ಹೊಗೆ ತುಂಬಿದ್ದ ಆ ಬೇಸಿಗೆ.

ಬೇಸಿಗೆ ಎಂದೆ, ಅದು ಅಕ್ಟೋಬರ್ ಕೂಡ ಇರಬಹುದು. ಇಲ್ಲಿ ಕಾಡುಗುಡ್ಡಗಳು ಹೊತ್ತಿ ಉರಿಯುವ ಬೆಂಕಿಯ ಕಾಲ ಯಾವಾಗ ಮುಗಿಯುತ್ತದೆಂದು ಕ್ಯಾಲೆಂಡರ್ ನೋಡಿ ಹೇಳಲಾಗುವುದಿಲ್ಲ. ಕೆಲವು ವಿವರಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು ಎಂದು ಮೊದಲೇ ಹೇಳಿಬಿಡುತ್ತೇನೆ. ಹಗಲಲ್ಲೇ ಆಕಾಶ ಕಿತ್ತಳೆಯಾಗಿ, ದೀಪ ಹಾಕಿಕೊಂಡು ಊಟ ಮಾಡಿದ ದಿನ ಆ ವರ್ಷದ್ದೋ ಬೇರೆ ವರ್ಷದ್ದೋ ನನಗೆ ಖಾತ್ರಿಯಿಲ್ಲ. ಎರಡು ವರ್ಷಗಳ ಹೊಗೆ ನನ್ನ ತಲೆಯಲ್ಲಿ ಒಂದೇ ಆಗಿರಬಹುದು. ದಿನಚರಿ ಬರೆಯುವ ಅಭ್ಯಾಸವೇನೋ ಇದೆ. ಆದರೆ ಆ ವಾರಗಳ ಪುಟಗಳಲ್ಲಿ ಗಾಳಿ ಎಷ್ಟು ಕೆಟ್ಟಿದೆ ಎಂಬುದರ ಹೊರತು ಏನೂ ಇಲ್ಲ. ಬರೆಯಬೇಕಾದದ್ದು ನಡೆಯುತ್ತಿದ್ದಾಗ ನಾನು ಬರೆಯುತ್ತಿರಲಿಲ್ಲ. ಇನ್ನು ಮಾತುಗಳು: ಅರ್ಧಕ್ಕರ್ಧ ಕೊರಿಯನ್ ಭಾಷೆಯಲ್ಲಿ ಆಡಿದ್ದು, ನನಗೆ ತಿಳಿದಷ್ಟು ತಿಳಿದದ್ದು. ಅವನ್ನು ನನ್ನ ಕನ್ನಡದಲ್ಲಿ ಹೇಳುತ್ತಿದ್ದೇನೆ.

ನನ್ನ ಗಂಡ ಮಿನ್‌ಸು ಹುಟ್ಟಿ ಬೆಳೆದದ್ದು ಸಾಂಟಾ ಕ್ಲಾರಾದಲ್ಲಿ. ಅವನ ಅಪ್ಪ ಅಮ್ಮ ಕೊರಿಯಾದ ಸೋಲ್ ನಗರದಿಂದ ಬಂದವರು. ಎಲ್ ಕ್ಯಾಮಿನೋ ರಸ್ತೆಯಲ್ಲಿ ಮಾವನವರದು ಪಾಸ್‌ಪೋರ್ಟ್ ಫೋಟೋ ತೆಗೆಯುವ ಸಣ್ಣ ಸ್ಟುಡಿಯೋ. ಅದರ ಹಿಂಬದಿಯಲ್ಲೇ ಅತ್ತೆಯ ಹೊಲಿಗೆ ಮಷೀನು. ಮಾವ ತೀರಿಕೊಂಡ ಮೇಲೆ ಸ್ಟುಡಿಯೋ ಮುಚ್ಚಿದೆವು. ಆ ಕಡೆ ಮನೆ ಕೊಳ್ಳುವ ತಾಕತ್ತು ನಮಗಿರಲಿಲ್ಲ, ದಕ್ಷಿಣಕ್ಕೆ ಗಿಲ್‌ರಾಯ್‌ಗೆ ಬಂದೆವು, ಅತ್ತೆಯೂ ಜೊತೆಗೆ ಬಂದರು. ನಾನು ಅವರನ್ನು 'ಒಮೊನಿಮ್' ಎನ್ನುತ್ತೇನೆ. ಅವರ ಕಡೆ ಸೊಸೆ ಅತ್ತೆಯನ್ನು ಕರೆಯುವುದು ಹಾಗೆ. ಅವರು ನನ್ನನ್ನು 'ಆಗಾ' ಎನ್ನುತ್ತಾರೆ. ಕೂಸೇ ಎಂದರ್ಥ. ನಲವತ್ತು ದಾಟಿದವಳಿಗೆ ಕೂಸೇ ಅನ್ನುವುದನ್ನು ಫೋನಿನಲ್ಲಿ ಕೇಳಿ ಹುಬ್ಬಳ್ಳಿಯ ನಮ್ಮವ್ವ ನಕ್ಕೂ ನಕ್ಕೂ ಸುಸ್ತಾಗಿದ್ದಳು. "ಹಂಗಾರ ಕೂಸಿಗೆ ಭಾಂಡೆ ತಿಕ್ಕಾಕ ಹಚ್ಚಂಗಿಲ್ಲೇನ ನಿಮ್ಮತ್ತಿ?" ಎಂದಳು.

ಆ ಮನೆಯಲ್ಲಿ ಹುಳಿ ಬರಿಸುವವರು ಇಬ್ಬರಿದ್ದೆವು. ಗರಾಜಿನಲ್ಲಿ ಅತ್ತೆಯ ಕಿಮ್ಚಿಗೆಂದೇ, ಅಂದರೆ ಹುಳಿ ಬರಿಸಿದ ಎಲೆಕೋಸಿನ ಉಪ್ಪಿನಕಾಯಿಗೆಂದೇ, ಪ್ರತ್ಯೇಕವಾದ ಒಂದು ಫ್ರಿಜ್ಜು. ಗರಾಜು ಬೆಚ್ಚಗಿರುತ್ತದೆಂದು ದೋಸೆ ಹಿಟ್ಟನ್ನು ನಾನೂ ಅಲ್ಲೇ ಇಡುತ್ತಿದ್ದೆ. ಒಂದು ದಿನದಿಂದ ಅಲ್ಲಿ ಚೂಪಾದ ಹುಳಿ ವಾಸನೆ ಶುರುವಾಯಿತು. ಕಿಮ್ಚಿಯದು ಎಂದು ನಾನು ಅಂದುಕೊಂಡೆ. ದೋಸೆ ಹಿಟ್ಟಿನದು ಎಂದು ಅವರು ಅಂದುಕೊಂಡಿದ್ದಾರೆಂದು ಆಗ ನನಗೆ ಗೊತ್ತಿರಲಿಲ್ಲ. ಹೇಳಿದರೆ ಎಲ್ಲಿ ಬೇಜಾರು ಮಾಡಿಕೊಳ್ಳುತ್ತಾರೋ ಎಂದು ಇಬ್ಬರೂ ಬಾಯಿ ಬಿಡಲಿಲ್ಲ. ನಾನು ಗರಾಜಿನಲ್ಲಿ ಊದಿನಕಡ್ಡಿ ಹಚ್ಚತೊಡಗಿದೆ. ಸೊಸೆ ಕಾರಿಗೂ ಪೂಜೆ ಮಾಡುತ್ತಾಳೆ ಎಂದು ಅವರು ಚರ್ಚಿನ ಗೆಳತಿಯರಿಗೆ ಹೇಳಿದ್ದರಂತೆ. ಅವರು ನನ್ನ ಹಿಟ್ಟಿನ ಪಾತ್ರೆಯನ್ನು ದಿನಾ ಸೋಡಾ ಹಾಕಿ ತಿಕ್ಕಿಡುತ್ತಿದ್ದರು. ಎಂಥ ಅತ್ತೆ ಸಿಕ್ಕಿದ್ದಾರೆ ನೋಡು ಎಂದು ನಾನು ಅವ್ವನ ಮುಂದೆ ಹೊಗಳಿಕೊಂಡಿದ್ದೆ. ಹೀಗೆ ತಿಂಗಳುಗಟ್ಟಲೆ ಮರ್ಯಾದೆ ಕಾಪಾಡಿಕೊಂಡೆವು.

ಬೆಂಕಿಯ ಕಾಲ ಬಂದಾಗ ಸೋಲ್‌ನ ಒಂದು ಚಲನಚಿತ್ರ ಸಂಗ್ರಹಾಲಯದಿಂದ ಮಿನ್‌ಸುಗೆ ಇಮೇಲ್ ಬಂತು. ಅಲ್ಲಿಯ ಒಬ್ಬ ಹಿರಿಯ ನಟಿ ತೀರಿಕೊಂಡಿದ್ದರು, ಅವರ ನೆನಪಿಗೆ ಒಂದು ಪ್ರದರ್ಶನ ನಡೆಯಲಿತ್ತು. ಜನ ಅವರನ್ನು ನೆನೆಯುವುದು ಅರವತ್ತರ ದಶಕದ ಕೊನೆಯ ಒಂದು ಚಿತ್ರದಿಂದ, ದೋಣಿಗಾರನ ಹೆಂಡತಿಯ ಕಥೆ. ಆದರೆ ಆ ಚಿತ್ರದ ಒಂದು ರೀಲೂ ಎಲ್ಲೂ ಉಳಿದಿಲ್ಲ. ಆ ಕಾಲದಲ್ಲಿ ಹಳೆಯ ರೀಲುಗಳನ್ನು ಕತ್ತರಿಸಿ ಹುಲ್ಲಿನ ಟೋಪಿಗೆ ಅಂಚು ಕಟ್ಟಿಬಿಡುತ್ತಿದ್ದರಂತೆ. ಅಪ್ಪ ಅದನ್ನು ಹೇಳಿ ನಗುತ್ತಿದ್ದರು, ನಗು ಮುಖದಲ್ಲಿ ಮಾತ್ರ ಇರುತ್ತಿತ್ತು ಎಂದು ಮಿನ್‌ಸು ಹೇಳಿದ. ಆ ಚಿತ್ರಕ್ಕೆ ಸ್ಟಿಲ್ ಫೋಟೋ ತೆಗೆದವರು ನನ್ನ ಮಾವ. ಅವರು ತೆಗೆದ ನದಿ ದಂಡೆಯ ಒಂದು ಫೋಟೋ ಊರೂರಿನ ಟಾಕೀಸುಗಳ ಮುಂದೆ ತೂಗಿತ್ತು. ಈಗ ಉಳಿದಿರುವುದು ಹಳೆಯ ಪತ್ರಿಕೆಯೊಂದರ ಮಸುಕು ಅಚ್ಚು ಮಾತ್ರ. ನೆಗೆಟಿವ್ ನಿಮ್ಮ ಮನೆಯಲ್ಲಿ ಇರಬಹುದೇ ಎಂದು ಕೇಳಿದ್ದರು.

ಮಿನ್‌ಸು ಗರಾಜಿಗೆ ಹೋಗಿ ಮೇಲಿನ ಶೆಲ್ಫಿನಿಂದ ತಗಡಿನ ಪೆಟ್ಟಿಗೆ ಇಳಿಸಿ ಮುಚ್ಚಳ ತೆಗೆದ. ಅವನ ಮುಖ ನೋಡಿಯೇ ವಾಸನೆ ಎಲ್ಲಿಯದೆಂದು ನನಗೆ ತಿಳಿಯಿತು. ಹಳೆಯ ಫಿಲ್ಮು ಸೆಖೆಗೆ ಕೊಳೆಯುವಾಗ ವಿನೆಗರ್ ವಾಸನೆ ಹೊಡೆಯುತ್ತದೆ. ಆ ಫ್ರಿಜ್ಜು ಸ್ಟುಡಿಯೋದಲ್ಲಿದ್ದಾಗ, ಹಾಗಾಗಬಾರದೆಂದೇ ಮಾವ ಪೆಟ್ಟಿಗೆಯನ್ನು ಅದರಲ್ಲಿ ಇಡುತ್ತಿದ್ದರು. ಅವರು ಹೋದ ಮೇಲೆ ಪೆಟ್ಟಿಗೆ ಹೊರಗೆ ಬಂದು ಕಿಮ್ಚಿ ಒಳಗೆ ಹೋಗಿತ್ತು. ಯಾರು ತೆಗೆದಿಟ್ಟರೆಂದು ಮಿನ್‌ಸು ಕೇಳಲಿಲ್ಲ. ಮನೆಯಲ್ಲಿದ್ದವರು ಮೂರೇ ಜನ.

ಯಂತ್ರಗಳ ಕೈಪಿಡಿ ಬರೆಯುವುದು ನನ್ನ ಉದ್ಯೋಗ. ಯಾವ ತಿರುಪು ಮೊದಲು, ಯಾವುದು ಆಮೇಲೆ, ತಪ್ಪಿದರೆ ಏನಾಗುತ್ತದೆ ಎಂದು ಬರೆಯುವವಳು. ಆದ್ದರಿಂದ ನೆಗೆಟಿವ್‌ಗಳನ್ನು ಸ್ಕ್ಯಾನ್ ಮಾಡಿ ಪ್ರತಿ ಫೋಟೋಗೂ ಒಂದು ಸಾಲು ಬರೆಯುವ ಕೆಲಸ ನನಗೆ ಬಂತು. ಸೋಲ್‌ನ ಆ ಸಂಗ್ರಹಾಲಯದಿಂದ ಮಿಸ್ ಚೋ ಎಂಬ ಹುಡುಗಿ ವಿಡಿಯೋ ಕರೆಯಲ್ಲಿ ಹೇಳಿಕೊಟ್ಟಳು. ನೆಗೆಟಿವ್ ಪಟ್ಟಿಗಳನ್ನು ಕತ್ತರಿಸಬಾರದು, ಒಂದು ಫ್ರೇಮು ಬೇಕಾದರೂ ಇಡೀ ಪಟ್ಟಿ ಕಳಿಸಬೇಕು, ಯಾರು ಯಾರು ಇದ್ದಾರೋ ಹೆಸರು ಬರೆಯಬೇಕು. ಪ್ರದರ್ಶನಕ್ಕೆ ಹೆಚ್ಚು ದಿನ ಇರಲಿಲ್ಲ, ನೆಗೆಟಿವ್‌ಗಳಿಗೆ ಅದಕ್ಕಿಂತ ಕಡಿಮೆ ದಿನ ಇದ್ದ ಹಾಗೆ ಕಾಣುತ್ತಿತ್ತು. ಕೆಲವು ಸುರುಳಿ ಸುತ್ತಿಕೊಂಡಿದ್ದವು, ಕೆಲವು ಕಾಗದಕ್ಕೆ ಅಂಟಿದ್ದವು.

ಕಿಟಕಿಗಳ ಸಂದಿಗೆ ಟೇಪು ಹಚ್ಚಿದ್ದೆವು. ಹೊರಗೆ ಹೊಗೆ, ಒಳಗೆ ವಿನೆಗರ್. ನಾನು ಮಾಸ್ಕು ಹಾಕಿಕೊಂಡೇ ಊಟದ ಮೇಜಿನ ಮೇಲೆ ಕೆಲಸ ಮಾಡುತ್ತಿದ್ದೆ. ಮಾವನ ಕಸುಬು ನನಗೆ ತಿಳಿದದ್ದು ಆಗಲೇ. ಸಿನಿಮಾ ಕ್ಯಾಮೆರಾ ಓಡುತ್ತಿರುವಾಗ ಸ್ಟಿಲ್ ತೆಗೆಯುವವನು ಅಡ್ಡ ಹೋಗುವಂತಿಲ್ಲ. ಶಾಟು ಮುಗಿದ ಮೇಲೆ ಅವನಿಗೆ ಒಂದು ಗಳಿಗೆ ಬಿಟ್ಟುಕೊಡುತ್ತಾರೆ, ನಟರು ಅವನಿಗಾಗಿ ಮತ್ತೆ ನಿಲ್ಲಬೇಕು. ಹಾಗಾಗಿ ಸ್ಟಿಲ್ಲಿನಲ್ಲಿರುವುದು ಸಿನಿಮಾದಲ್ಲಿ ನಡೆದದ್ದಲ್ಲ, ನಡೆದ ಹಾಗೆ ಕಾಣುವುದು. ಇದನ್ನು ಅವ್ವನಿಗೆ ಹೇಳಿದಾಗ ಅವಳಿಗೆ ಆಶ್ಚರ್ಯವೇ ಆಗಲಿಲ್ಲ.

"ನಮ್ಮ ಟಾಕೀಸಿನ ಮುಂದೂ ಗಾಜಿನ ಪೆಟ್ಟಿಗ್ಯಾಗ ಫೋಟೋ ಹಚ್ಚತಿದ್ರಲ್ಲ. ಒಳಗ ಹೋಗಾಕ ಆಗದಾಗ ಅವನ್ನs ನೋಡಿ ಬಂದು, ಪಿಕ್ಚರ್ ನೋಡೇನಿ ಅಂತ ಗೆಳತ್ಯಾರ ಮುಂದ ಕಥಿ ಹೇಳತಿದ್ದೆ. ಈಗ ಯಾವುದು ನೋಡೇನಿ ಯಾವುದು ಬಿಟ್ಟೇನಿ ನನಗs ಗೊತ್ತಿಲ್ಲ ನೋಡವಾ," ಎಂದಳು.

ನದಿಯ ಪಟ್ಟಿ ಸುರುಳಿ ಸುತ್ತಿತ್ತು. ಅದರ ತುದಿಯ ಒಂದು ಫ್ರೇಮು ಮಾತ್ರ ಬಿಡಿಸಲು ಬಂತು. ಅಗಲವಾದ ನದಿ, ಮೋಡ, ಖಾಲಿ ದೋಣಿ. ನಮಗೆ ಬೆನ್ನು ಮಾಡಿ ನಿಂತ ಒಬ್ಬ ಹೆಂಗಸು. ಗಿಡ್ಡ ರವಿಕೆ, ಗಾಳಿಗೆ ಒಂದು ಬದಿಗೆ ಹಾರಿದ ಉದ್ದ ಲಂಗ, ಕೈಯಲ್ಲಿ ಬಟ್ಟೆಯ ಗಂಟು. ಇಷ್ಟೇ. ಆದರೆ ಕತ್ತು ಒಂದಿಷ್ಟು ಬಾಗಿರುವ ರೀತಿಯಲ್ಲಿ ಏನೋ ಇತ್ತು. ನಾನು ಅದನ್ನು ನೋಡುತ್ತ ಬಹಳ ಹೊತ್ತು ಕೂತಿದ್ದೆ.

ಅದರ ಒಂದು ಅಚ್ಚು ಹಾಕಿಸಿ, ಸಾಂಟಾ ಕ್ಲಾರಾದಲ್ಲಿ ಕೊರಿಯನ್ ಹಿರಿಯರು ವಾರಕ್ಕೊಮ್ಮೆ ಊಟಕ್ಕೆ ಸೇರುವ ಹಾಲಿಗೆ ಒಯ್ದೆ. ಅತ್ತೆಯೂ ಬಂದರು. ಗೌಜು ಮಾಡುತ್ತಿದ್ದ ಮುದುಕರು ಫೋಟೋ ಕಂಡು ಚಮಚ ಕೆಳಗಿಟ್ಟರು. ಪಾರ್ಕ್ ಎಂಬ ಅಜ್ಜ, ಎಲ್ಲರ ಕಾಲೆಳೆಯುವ ಮನುಷ್ಯ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಊರು ಬಿಡುವ ಮುಂಚೆ ಆ ಚಿತ್ರ ನೋಡಿದ್ದರಂತೆ. ಬಸ್ಸು ಹತ್ತುವಾಗ ಅವರ ತಾಯಿ ನಿಂತಲ್ಲೇ ನಿಂತಿದ್ದಳಂತೆ, ಅವರು ತಿರುಗಿ ನೋಡಲಿಲ್ಲವಂತೆ. ತಾಯಿಯನ್ನು ಮತ್ತೆ ಕಾಣಲಾಗಲಿಲ್ಲ. "ಸಿನಿಮಾದಲ್ಲೂ ಅಷ್ಟೇ," ಎಂದರು. "ಗಂಡ ಹಿಂದಿನಿಂದ ಕೂಗುತ್ತಾನೆ, ಕೂಗುತ್ತಾನೆ. ಅವಳು ತಿರುಗಿ ನೋಡೋದೇ ಇಲ್ಲ. ಅದೇ ನಮ್ಮನ್ನೆಲ್ಲ ಕೊಂದದ್ದು." ಸುತ್ತ ಇದ್ದವರು ತಲೆಯಾಡಿಸಿದರು. ಅವರಿಗೆಲ್ಲ ಆ ದೃಶ್ಯ ನೆನಪಿತ್ತು, ಗಾಳಿಯ ಸದ್ದು ಕೂಡ. ಅತ್ತೆ ಪಕ್ಕದ ಅಜ್ಜಿಯ ತಟ್ಟೆಯ ಮೀನಿನಿಂದ ಮುಳ್ಳು ತೆಗೆದುಕೊಡುತ್ತಿದ್ದರು. ತಲೆಯೆತ್ತಲಿಲ್ಲ.

ವಾಪಸು ಬರುವಾಗ ಫ್ರೀವೇಯಲ್ಲಿ ಎದುರಿನ ಕಾರುಗಳೆಲ್ಲ ದೀಪ ಹಾಕಿಕೊಂಡಿದ್ದವು. ಅತ್ತೆ ಇದ್ದಕ್ಕಿದ್ದ ಹಾಗೆ, ಆ ದೃಶ್ಯ ಚಿತ್ರದಲ್ಲಿ ಇಲ್ಲ ಎಂದರು. ಚಿತ್ರದಲ್ಲಿ ಅವಳು ಓಡಿಬಂದು ನೇರ ದೋಣಿ ಹತ್ತುತ್ತಾಳೆ, ನಿಲ್ಲುವುದೇ ಇಲ್ಲ. ಪಾರ್ಕ್ ಸುಳ್ಳು ಹೇಳುತ್ತಿಲ್ಲ, ಟಾಕೀಸಿನ ಮುಂದೆ ತೂಗಿದ್ದನ್ನು ಒಳಗೆ ನೋಡಿದೆ ಅಂದುಕೊಂಡಿದ್ದಾರೆ ಎಂದರು. ನಿಮಗೆ ಹೇಗೆ ಗೊತ್ತು ಎಂದೆ. ಟಿಕೆಟ್ ಕೊಂಡು ನೋಡಿದ್ದೆ, ಎಂದು ಕಿಟಕಿಯ ಕಡೆ ಮುಖ ಮಾಡಿದರು.

ಪಟ್ಟಿಯನ್ನು ದಪ್ಪ ಪುಸ್ತಕಗಳ ಕೆಳಗಿಟ್ಟು ಚಪ್ಪಟೆ ಮಾಡಲು ಕೆಲವು ದಿನ ಹಿಡಿಯಿತು. ಎರಡನೇ ಫ್ರೇಮು ಪರದೆಯ ಮೇಲೆ ನಿಧಾನವಾಗಿ ಬಿಚ್ಚಿಕೊಳ್ಳುತ್ತ ಬಂತು. ಅದೇ ನದಿ, ಅದೇ ಮೋಡ, ಅದೇ ಲಂಗ. ಹೆಂಗಸು ತಿರುಗಿದ್ದಾಳೆ. ಬಾಯಿ ಅರ್ಧ ತೆರೆದಿದೆ, ನಗು ಬರುವ ಮುಂಚೆ ಆಗುತ್ತದಲ್ಲ ಹಾಗೆ. ನನಗೆ ಮೊದಲು ಅನ್ನಿಸಿದ್ದು ನನ್ನ ಗಂಡ ಲಂಗ ಉಟ್ಟು ನಿಂತಿದ್ದಾನೆ ಎಂದು. ಅದೇ ಅಗಲ ಹಣೆ, ಹುಬ್ಬಿನ ಕೊನೆಯಲ್ಲಿ ಅದೇ ತಿರುವು.

ಅತ್ತೆ ಅದೇ ಕೋಣೆಯಲ್ಲಿ ಸೋಫಾದ ಮೇಲೆ ಕೂತು ನನ್ನ ಸಲ್ವಾರಿನ ಅಂಚು ಹೊಲಿಯುತ್ತಿದ್ದರು. ನಾನು ಪರದೆಯನ್ನು ಅವರ ಕಡೆ ತಿರುಗಿಸಿದೆ. ಅವರು ನೋಡಿದರು. ದಾರವನ್ನು ಹಲ್ಲಿನಲ್ಲಿ ಕಡಿದರು.

"ಮೊದಲನೇದಕ್ಕೆ ಆ ನಟಿಯ ಹೆಸರು ಬರಿ," ಎಂದರು. "ಇದನ್ನು ಕತ್ತರಿಸಿ ಎಸೆ."

ಈ ಮನೆಯಲ್ಲಿ ಎಲ್ಲರೂ ಕೇಳಿಕೊಂಡು ಬಂದದ್ದು ಬೇರೆ. ಅತ್ತೆ ಸಿನಿಮಾದವರ ಹತ್ತಿರ ಸುಳಿದವರೇ ಅಲ್ಲ. ದರ್ಜಿ ಮನೆಯ ಹುಡುಗಿ, ಹಿರಿಯರು ನೋಡಿ, ಮಧ್ಯಸ್ಥಗಾರ್ತಿಯೊಬ್ಬಳು ಮಾತಾಡಿ ಮಾಡಿಸಿದ ಮದುವೆ. ಮದುವೆಗೆ ಮುಂಚೆ ನಿನ್ನಪ್ಪನ ಮುಖ ಒಂದೇ ಸಲ ನೋಡಿದ್ದೆ, ಅದೂ ಚಹಾ ಲೋಟದ ಮೇಲಿಂದ ಎಂದು ಮಿನ್‌ಸುಗೆ ಹೇಳುತ್ತಿದ್ದರು. ಅವನಿಗೆ ಆ ಫ್ರೇಮು ತೋರಿಸಿದಾಗ ಅವನು ಮೊದಲು ಇದು ಅಮ್ಮನಲ್ಲ, ಯಾರೋ ಸಂಬಂಧಿಕಳು ಎಂದ. ಎರಡನೇ ಸಲ ನೋಡಿ ಕುರ್ಚಿ ಎಳೆದುಕೊಂಡು ಕೂತ. ಮಾರನೇ ದಿನ ಗಾಳಿ ಶುದ್ಧ ಮಾಡುವ ಮಷೀನಿಗೆ ಫಿಲ್ಟರ್ ಹುಡುಕಿಕೊಂಡು ಅಂಗಡಿ ಅಂಗಡಿ ಅಲೆಯುತ್ತಿದ್ದಾಗ ಕಾರಿನಲ್ಲಿ ಜಗಳವಾಯಿತು. ಅಮ್ಮ ಬೇಡ ಎಂದರೆ ಬೇಡ ಎಂದ. ಉಳಿದಿರುವುದೇ ಇದೊಂದು ಫೋಟೋ, ಅದರ ಕೆಳಗೆ ಗೊತ್ತಿದ್ದೂ ತಪ್ಪು ಹೆಸರು ಬರೆದರೆ ಅದೇ ಇತಿಹಾಸವಾಗುತ್ತದೆ ಎಂದೆ. ನೀನು ಪ್ರಿಂಟರ್‌ಗೆ ಕೈಪಿಡಿ ಬರೀತಿಲ್ಲ ಎಂದ. ನಾನು ಇನ್ನೂ ಏನೋ ಹೇಳಲು ಹೊರಟಾಗ ಅವನು ದನಿ ಏರಿಸದೆ, "ಅದು ನನ್ನ ಅಮ್ಮನ ಬೆನ್ನು, ನಿನ್ನದಲ್ಲ," ಎಂದ. ಆಮೇಲೆ ಮನೆಯಲ್ಲಿ ಆ ಮಾತು ಯಾರೂ ಎತ್ತಲಿಲ್ಲ. ಅತ್ತೆ ಮೇಜಿನ ಹತ್ತಿರ ಬಂದಾಗ ನಾನು ಪರದೆ ಮಡಚುತ್ತಿದ್ದೆ. ನಾನು ಅಡುಗೆಮನೆಗೆ ಹೋದಾಗ ಅವರು ಪಾತ್ರೆಗಳ ಸದ್ದು ನಿಲ್ಲಿಸುತ್ತಿದ್ದರು. ಮಿಸ್ ಚೋ ಪಟ್ಟಿ ಯಾವಾಗ ಹೊರಡುತ್ತದೆ ಎಂದು ದಿನ ಬಿಟ್ಟು ದಿನ ಕೇಳುತ್ತಿದ್ದಳು.

ಬೆಂಕಿ ಪೂರ್ವದ ಗುಡ್ಡಗಳಿಗೆ ಬಂದದ್ದು ಆ ವಾರ. ಮಿನ್‌ಸು ಸಾಂಟಾ ಕ್ಲಾರಾದ ಆಫೀಸಿನಲ್ಲಿದ್ದ. ಮಧ್ಯಾಹ್ನ ನನ್ನ ಫೋನೂ ಅತ್ತೆಯ ಫೋನೂ ಒಟ್ಟಿಗೇ ಅರಚಿಕೊಂಡವು: ಮನೆ ಬಿಡಲು ಸಿದ್ಧರಾಗಿರಿ, ಹೊರಡಿ ಎಂದ ಕೂಡಲೇ ಹೊರಡಿ. ಮಿನ್‌ಸುಗೆ ಫೋನು ಮಾಡಿದರೆ ಫ್ರೀವೇಯಲ್ಲಿ ನಿಂತುಬಿಟ್ಟಿದ್ದೇನೆ, ಕಾಯಬೇಡಿ, ಅಮ್ಮನನ್ನು ಕರೆದುಕೊಂಡು ಹೊರಡು ಎಂದ. ನಾವಿಬ್ಬರೂ ಕಾರಿಗೆ ಸಾಮಾನು ತುಂಬತೊಡಗಿದೆವು. ಪಾಸ್‌ಪೋರ್ಟು, ಮಾತ್ರೆ, ಕಂಬಳಿ, ನೀರು, ಮಾವನ ಚಿತ್ರಪಟ. ಅತ್ತೆ ಕಿಮ್ಚಿಯ ಡಬ್ಬಿಗೆ ಎರಡು ಸುತ್ತು ಪ್ಲಾಸ್ಟಿಕ್ ಸುತ್ತಿ ಸೀಟಿನ ಕೆಳಗಿಟ್ಟರು. ನಾನು ನೆಗೆಟಿವ್ ಪೆಟ್ಟಿಗೆಯನ್ನು ಡಿಕ್ಕಿಯಲ್ಲಿಟ್ಟು ಒಳಗೆ ಹೋಗಿ ಬಂದೆ. ಪೆಟ್ಟಿಗೆ ಮತ್ತೆ ಶೆಲ್ಫಿನ ಮೇಲಿತ್ತು.

ಮತ್ತೆ ಇಟ್ಟೆ. ಮತ್ತೆ ಅದು ಶೆಲ್ಫಿಗೆ ಹೋಯಿತು. ಹೊರಗೆ ಬೂದಿ ಉದುರುತ್ತಿತ್ತು. ಕಾರಿನ ಗಾಜಿನ ಮೇಲೆ ಬಿದ್ದದ್ದು ಹಗುರವಾಗಿ ಹರಿದಾಡುತ್ತಿತ್ತು. ಮೂರನೇ ಸಲ ನಾನು ಪೆಟ್ಟಿಗೆ ಎತ್ತಿಕೊಳ್ಳುವಾಗ ಅವರು ಇನ್ನೊಂದು ತುದಿ ಹಿಡಿದರು.

"ಅದು ಇಲ್ಲೇ ಇರಲಿ, ಆಗಾ."

"ಸುಟ್ಟುಹೋಗುತ್ತೆ, ಒಮೊನಿಮ್."

"ಹೋಗಲಿ."

ಆಗ ನನಗೆ ಒಂದು ಹೊಳೆಯಿತು. ಈಗ ಯೋಚಿಸಿದರೆ ಅದು ಆ ಕ್ಷಣದಲ್ಲೇ ಹೊಳೆಯಿತೋ, ಆಮೇಲೆ ಹೊಳೆದದ್ದನ್ನು ಅಲ್ಲಿಗೆ ತಂದು ಇಟ್ಟುಕೊಂಡಿದ್ದೇನೋ ತಿಳಿಯದು. ಜೀವಮಾನವಿಡೀ ಫೋಟೋ ಸ್ಟುಡಿಯೋದಲ್ಲಿ ಕಳೆದ ಹೆಂಗಸಿಗೆ ಫಿಲ್ಮು ಕೊಳೆಯುವ ವಾಸನೆಗೂ ದೋಸೆ ಹಿಟ್ಟಿಗೂ ವ್ಯತ್ಯಾಸ ತಿಳಿಯದೇ? ಕೇಳಿದೆ. ವಾಸನೆ ನಿಮಗೆ ಗೊತ್ತಿತ್ತಲ್ಲ ಎಂದೆ. ಅವರು ಹಿಡಿದ ತುದಿಯನ್ನು ಬಿಟ್ಟರು, ಅಷ್ಟೇ. ನಾನು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಗರಾಜಿನ ಮೆಟ್ಟಿಲ ಮೇಲೆ ಕೂತೆ. ಇದು ಬರದಿದ್ದರೆ ನಾನೂ ಬರುವುದಿಲ್ಲ ಎಂದೆ. ಬೆಂಕಿಯ ಮುಂದೆ ಆಡುವ ಮಾತಲ್ಲ ಅದು. ಆದರೆ ಅವರು ಬಂದು ಪಕ್ಕದಲ್ಲಿ ಕೂತರು. ಕಾರಿನ ಬಾಗಿಲು ತೆರೆದೇ ಇತ್ತು. ಹೇಳಿದರು.

ಅವರು ಆ ಚಿತ್ರಕ್ಕೆ ಬಟ್ಟೆ ಹೊಲಿಯುವವರ ಕೈಕೆಳಗೆ ಕೆಲಸಕ್ಕಿದ್ದರು. ಮನೆಯಲ್ಲಿ ಹೇಳಿರಲಿಲ್ಲ, ಗೊತ್ತಾಗಿದ್ದರೆ ಅಣ್ಣ ಕಾಲು ಮುರಿಯುತ್ತಿದ್ದ. ಆಗ ಹೆಸರಾದ ನಟಿಯರು ಒಂದೇ ದಿನ ಹಲವು ಚಿತ್ರಗಳ ಸೆಟ್ಟಿಗೆ ಓಡಾಡುತ್ತಿದ್ದರು. ಅಂದು ಶಾಟು ಮುಗಿದ ತಕ್ಷಣ ಕಾರು ಬಂತು, ನಟಿ ಹೊರಟುಹೋದಳು. ಸ್ಟಿಲ್ ಆಗಿರಲಿಲ್ಲ, ಬೆಳಕು ಇಳಿಯುತ್ತಿತ್ತು. ಬಟ್ಟೆ ವಾಪಸು ತೆಗೆದುಕೊಳ್ಳಲು ನಿಂತಿದ್ದ ಈ ಹುಡುಗಿಗೆ, ಎಂದರೆ ಅತ್ತೆಗೆ, ನೀನೇ ಉಟ್ಟು ಬೆನ್ನು ಮಾಡಿ ನಿಲ್ಲು ಎಂದರು. ಉಟ್ಟ ಮೇಲೆ ಸೆ‌ಟ್ಟಿನವರೆಲ್ಲ ತಮಾಷೆಗೆ ಅವಳನ್ನು ನಟಿಯ ಹೆಸರಿನಿಂದಲೇ ಕರೆದರು. ಮೇಡಮ್ ಈ ಕಡೆ, ಮೇಡಮ್ ಗಂಟು ಎತ್ತಿ ಹಿಡೀರಿ. ಮುಖ ಮಾತ್ರ ತೋರಿಸಬೇಡಿ. ಫೋಟೋ ತೆಗೆಯುವವರ ಗುರುತು ತನಗೆ ಇರಲಿಲ್ಲ, ಅವರಿಗೂ ತನ್ನದು ಇರಲಿಲ್ಲ ಎಂದರು. ಇದನ್ನು ಒತ್ತಿ ಹೇಳಿದರು.

ಆಮೇಲೆ ಆ ಫೋಟೋ ಎಲ್ಲ ಕಡೆ ಹೋಯಿತು. ಟಾಕೀಸಿನ ಮುಂದೆ ಹೆಂಗಸರು ಅದರ ಕೆಳಗೆ ನಿಂತು ಸೆರಗಿಗೆ ಕಣ್ಣೊರೆಸಿಕೊಳ್ಳುತ್ತಿದ್ದರು ಎಂದು ನಾನು ಬರೆಯಲು ಹೊರಟೆ. ಅವರ ಕಡೆ ಸೆರಗು ಇಲ್ಲ, ಅದು ನನ್ನ ಹುಬ್ಬಳ್ಳಿಯಿಂದ ಬಂದದ್ದು. ತೋಳಿಗೆ ಒರೆಸಿಕೊಂಡಿರಬೇಕು. ಅತ್ತೆ ಗುಂಪಿನಲ್ಲಿ ನಿಂತು ನೋಡಿದ್ದರು. ವರ್ಷಗಳ ಮೇಲೆ ಆ ನಟಿ ಟೀವಿಯಲ್ಲಿ ಆ ದಿನದ ಬಗ್ಗೆ ಮಾತಾಡಿದಳಂತೆ. ನದಿಯ ಗಾಳಿ ಎಷ್ಟು ಕೊರೆಯುತ್ತಿತ್ತು, ಗಂಟು ಹಿಡಿದ ಬೆರಳು ಹೇಗೆ ಮರಗಟ್ಟಿದವು ಎಂದು.

"ಅವಳೂ ಸುಳ್ಳು ಹೇಳಲಿಲ್ಲ," ಎಂದರು ಅತ್ತೆ. "ಅವಳಿಗೆ ಹಾಗೇ ನೆನಪು. ನನ್ನ ಬೆರಳು ನಿಜವಾಗಿಯೂ ಮರಗಟ್ಟಿದ್ದವು." ಬೆರಳು ಮಡಚಿ ಬಿಡಿಸಿ, "ಜನ ಅತ್ತದ್ದು ಅವಳಿಗಾಗಿ. ಈಗ ನನ್ನ ಹೆಸರು ಹಾಕಿದರೆ ಆ ಅಳು ಎಲ್ಲಿಗೆ ಹೋಗಬೇಕು? ಪಾರ್ಕ್ ಅದನ್ನು ಎಲ್ಲಿಟ್ಟುಕೊಳ್ಳಬೇಕು?"

ಮುಖದ ಫ್ರೇಮನ್ನು ಮತ್ತೆ ಯಾಕೆ ಇಟ್ಟುಕೊಂಡಿರಿ ಎಂದೆ.

"ನಾನು ಇಟ್ಟುಕೊಳ್ಳಲಿಲ್ಲ. ಎಸೆಯಿರಿ ಎಂದು ನಿನ್ನ ಮಾವನಿಗೆ ಎಷ್ಟು ಸಲ ಹೇಳಿದೆ. ಫ್ರಿಜ್ಜಿನಲ್ಲಿಟ್ಟರು."

ಗಾಳಿ ದಿಕ್ಕು ಬದಲಿಸಿತು ಎಂದು ಮಿನ್‌ಸು ಫೋನು ಮಾಡಿದ. ಹೊರಡಿ ಎಂಬ ಆದೇಶ ಬರಲೇ ಇಲ್ಲ. ಆದರೂ ಸಾಮಾನು ಕೆಲವು ದಿನ ಕಾರಿನಲ್ಲೇ ಇತ್ತು, ಪೆಟ್ಟಿಗೆಯೂ ಇತ್ತು. ಅವರು ಅದನ್ನು ಮತ್ತೆ ಇಳಿಸಲಿಲ್ಲ.

ಕಳಿಸಬೇಕಾದ ದಿನದ ಬೆಳಿಗ್ಗೆ ಅವರೇ ಬಂದು ಪಟ್ಟಿ ಕೊಡು ಎಂದರು. ಕೈಯಲ್ಲಿ ದೊಡ್ಡ ಕತ್ತರಿ, ಬಟ್ಟೆಯ ಹೊರತು ಬೇರೆ ಏನಕ್ಕೂ ಯಾರಿಗೂ ಮುಟ್ಟಲು ಬಿಡದ ಕತ್ತರಿ. ಮಿನ್‌ಸು ಅಲ್ಲೇ ಇದ್ದ. ನನ್ನ ಕಡೆ ನೋಡಿ, ಬೇಡ ಎಂಬಂತೆ ತಲೆಯಾಡಿಸಿದ. ಅದು ತಡೆಯಬೇಡ ಎಂದೋ, ಕೊಡಬೇಡ ಎಂದೋ ಇವತ್ತಿಗೂ ಸ್ಪಷ್ಟವಿಲ್ಲ. ಕೊಟ್ಟೆ. ಅವರು ಕಿಟಕಿಯ ಕೆಂಪು ಬೆಳಕಿಗೆ ಪಟ್ಟಿಯನ್ನು ಹಿಡಿದು, ಎರಡು ಫ್ರೇಮುಗಳ ನಡುವಿನ ಗೆರೆಗೆ ಕತ್ತರಿಯ ಬಾಯಿ ತಂದರು. ನಾನು ಕೈ ಹಿಡಿದು ತಡೆದೆ ಎಂದು ಬರೆಯುವ ಆಸೆಯಾಗುತ್ತದೆ. ನೆನಪು ಆ ಚಿತ್ರವನ್ನು ಕೊಡಲು ಸಿದ್ಧವಾಗಿಯೂ ಇದೆ. ಆದರೆ ನಾನು ತಡೆಯಲಿಲ್ಲ ಅನ್ನಿಸುತ್ತದೆ. ನಾವಿಬ್ಬರೂ ನಿಂತಿದ್ದೆವು, ಅಷ್ಟೇ.

ಕತ್ತರಿ ಅಲ್ಲೇ ಬಹಳ ಹೊತ್ತು ತೆರೆದುಕೊಂಡಿತ್ತು. ಆಮೇಲೆ ಅವರು ಅದನ್ನು ಕೆಳಗಿಟ್ಟರು. "ಎರಡರ ನಡುವೆ ಜಾಗ ಸಾಲದು," ಎಂದರು. "ಕತ್ತರಿಸಿದರೆ ಲಂಗದ ಅಂಚು ಹೋಗುತ್ತೆ. ಆ ಅಂಚು ಹೊಲಿದದ್ದು ನಾನು."

ಹೆಸರಿನ ಸಾಲು ಬರೆಯುವಾಗ ಅವರು ಎದುರಿಗೆ ಕೂತಿದ್ದರು. ಮೊದಲನೆಯದಕ್ಕೆ ನಟಿಯ ಹೆಸರನ್ನೂ ಹಾಕಲಿಲ್ಲ, ಅತ್ತೆಯ ಹೆಸರನ್ನೂ ಹಾಕಲಿಲ್ಲ. ದೋಣಿಗಾರನ ಹೆಂಡತಿ, ನದಿ ದಂಡೆ, ಎಂದು ಬರೆದೆ. ಅದಕ್ಕಿಂತ ನಿಜ ನನಗೆ ಸಿಗಲಿಲ್ಲ. ಎರಡನೆಯದಕ್ಕೆ, ಅದೇ ಜಾಗ, ಅದೇ ದಿನ, ಗುರುತು ಸಿಕ್ಕಿಲ್ಲ, ಎಂದು ಅವರು ಹೇಳಿದ ಹಾಗೆ ಬರೆದೆ. ಓದಿ ಹೇಳು ಎಂದರು. ಮಿನ್‌ಸು ಅನುವಾದಿಸುತ್ತ 'ಗುರುತು ಸಿಕ್ಕಿಲ್ಲ' ಎಂಬಲ್ಲಿಗೆ ಬಂದಾಗ ಅಮ್ಮನ ಮುಖ ನೋಡಿದ. ಅವರು ಸರಿ ಎಂದು ತಲೆಯಾಡಿಸಿದರು.

ಪ್ರದರ್ಶನವಾಯಿತು. ಮೊದಲ ಫ್ರೇಮನ್ನು ಆಳೆತ್ತರಕ್ಕೆ ಅಚ್ಚು ಹಾಕಿಸಿ ಬಾಗಿಲಲ್ಲೇ ನಿಲ್ಲಿಸಿದ್ದರು. ಕೆಳಗೆ ನಟಿಯ ಹೆಸರು ದೊಡ್ಡದಾಗಿ ಇತ್ತು. ನಾನು ಬರೆದ ಸಾಲು ಎಲ್ಲಿ ಹೋಯಿತೋ. ಮಿಸ್ ಚೋ ಕಳಿಸಿದ ಫೋಟೋ ನೋಡಿ ಅತ್ತೆ, ರವಿಕೆಯ ಬಣ್ಣ ತೀರ ಬಿಳಿಚಿಸಿದ್ದಾರೆ ಎಂದರು. ಎರಡನೆಯದನ್ನು ಗೋಡೆಗೆ ಹಾಕಲಿಲ್ಲ, ತಣ್ಣನೆಯ ಕೋಣೆಯಲ್ಲಿ ಜೋಪಾನವಾಗಿದೆಯಂತೆ.

ಪಟ್ಟಿಯನ್ನು ಪೋಸ್ಟಿಗೆ ಕೊಟ್ಟು ಬಂದ ದಿನ ಕಾರಿನಲ್ಲಿ ಅತ್ತೆ, ನಾನು ಇಬ್ಬರೇ ಇದ್ದೆವು. ಹೊಗೆ ಸ್ವಲ್ಪ ತೆಳುವಾಗಿ ಗುಡ್ಡದ ಗೆರೆ ಕಾಣತೊಡಗಿತ್ತು. ಮುಖ ತೋರಿಸಬೇಡ ಎಂದಿದ್ದರೂ ಆ ಹುಡುಗಿ ತಿರುಗಿದ್ದಳು, ಯಾರೋ ಕರೆದ ಹಾಗೆ. ಕ್ಯಾಮೆರಾದ ಹಿಂದೆ ಇದ್ದವರು ಮಾವ ಒಬ್ಬರೇ. ನಮ್ಮ ಮನೆಯಲ್ಲಿ ಒಂದು ಮಾತನ್ನು ಎರಡು ಸಲ ಕೇಳುವ ರೂಢಿಯಿಲ್ಲ, ಹಾಗಾಗಿ ಒಂದೇ ಸಲ ಕೇಳಿದೆ. ಅವರು ಸೀಟ್‌ಬೆಲ್ಟಿನ ಮಡಿಕೆಯನ್ನು ಬೆರಳಿನಿಂದ ನೇರ ಮಾಡುತ್ತ ಕೂತರು. ಇವತ್ತಿನವರೆಗೂ ಉತ್ತರ ಕೊಟ್ಟಿಲ್ಲ. ನಾನು ಕೇಳಿದ್ದು ಇಷ್ಟೇ:

"ಒಮೊನಿಮ್, ಆ ದಿನ ನೀವು ತಿರುಗಿದ್ದು ಅವರು ಯಾವ ಹೆಸರು ಕರೆದಾಗ? ಆ ನಟಿಯದೋ, ನಿಮ್ಮದೋ?"